ನೀರು ಕುಡಿಯುವುದರ ಲಾಭ

ಶಾಲೆಯಲ್ಲಿ ಹೆಣ್ಣುಮಕ್ಕಳ ಹೊಸ ಶೌಚಾಲಯ ಕಟ್ಟಿ ವರ್ಷವಾಗಿತ್ತು. ಶಾಸಕರು ಬಂದು ಕತ್ತರಿಸಲಿ ಎಂದು ಬಾಗಿಲಿಗೆ ರಿಬ್ಬನ್ನು ಕಟ್ಟಿ ಬೀಗ ಹಾಕಿದ್ದರು, ಶಾಸಕರಿಗೆ ಬಿಡುವಾಗಿರಲಿಲ್ಲ. ಹುಡುಗಿಯರು ಸಂಜೆಯವರೆಗೆ ನೀರು ಮುಟ್ಟದೆ ಕೂರುತ್ತಿದ್ದರು.

ಭಾಷಣ ಸ್ಪರ್ಧೆಗೆ ಅವರಲ್ಲೊಬ್ಬಳಾದ ಹುಲಿಗೆಮ್ಮ ಆರಿಸಿಕೊಂಡ ವಿಷಯ, ಆ ಬೀಗ ಯಾಕೆ ತೆಗೆಯಬೇಕು ಎಂಬುದು.

ಹೆಡ್‌ಮಾಸ್ತರರು ಮುಖ ಸಿಂಡರಿಸಿದರು. "ಸ್ಟೇಜ್ ಮ್ಯಾಲ ಪಾಯಖಾನಿ ಮಾತಾಡ್ತಾರೇನವಾ? ತೀರ್ಪು ಕೊಡಾಕ ತಾಲೂಕಿನಿಂದ ಮೇಡಂ ಬರ್ತಾರ. ಕೇಳಿದವ್ರಿಗೆ ಉಪಯೋಗ ಆಗೂವಂಥದ್ದು ಏನರೆ ಆರಿಸ್ಕೋ."

"ನೀರು ಕುಡಿಯೂದರ ಲಾಭ ಅಂತ ಮಾತಾಡ್ಲೇನ್ರಿ ಸರ್?"

"ನೋಡು, ಈಗ ಶ್ಯಾಣ್ಯಾಕಿ ಆದಿ."

ಸ್ಪರ್ಧೆಯ ದಿನ ಅವಳು ನೀರಿನ ಗುಣಗಾನ ಮಾಡಿ, "ಬರೇ ಕೇಳಿದ್ರ ಸಾಲದು, ಈಗ ಎಲ್ಲಾರೂ ಕುಡೀರಿ" ಎಂದಳು. ಗೆಳತಿಯರು ಕೊಡ ಹೊತ್ತು ತಂದು ವೇದಿಕೆಗೂ ತಂಬಿಗೆ ತುಂಬಿಕೊಟ್ಟರು. ಮೇಡಂ ಎರಡು ತಂಬಿಗೆ ಕುಡಿದು ಭೇಷ್ ಎಂದರು. ಉಳಿದವರ ಭಾಷಣ ಮುಗಿಯುವಷ್ಟರಲ್ಲಿ ಮೇಡಂ ಕುರ್ಚಿಯಲ್ಲಿ ಒದ್ದಾಡುತ್ತಿದ್ದರು. ಕೊನೆಗೆ ಮಾಸ್ತರರ ಕಡೆ ಬಾಗಿ ಮೆಲ್ಲಗೆ ಏನೋ ಕೇಳಿದರು.

"ಅದರ ಉದ್ಘಾಟನೆ ಇನ್ನೂ ಆಗಿಲ್ರಿ ಮೇಡಂ," ಎಂದು ಮಾಸ್ತರರು ತೊದಲಿದರು.

"ಈಗ ಆಗ್ತೈತಿ, ಮೊದ್ಲು ಕೀಲಿ ಕೊಡ್ರಿ."