ಸುಲ್ತಾನನ ನಿಲುವಂಗಿ

ಸುಲ್ತಾನನ ದೂತ ರೇಷ್ಮೆಯ ನಿಲುವಂಗಿಯನ್ನು ಬಿಡಿಸಿ ಹಿಡಿದು ನಿಂತಿದ್ದ. ಅದನ್ನು ತೊಟ್ಟರೆ ತುರ್ಕಮಾನ್ ಕುಲದೊಡೆಯ ಸುಂಗುರ್ ಇನ್ನು ಸುಲ್ತಾನನ ಆಳು. ತೊಡದಿದ್ದರೆ ಅವನ ಜನರ ಕುರಿಗಳಿಗೆ ಕೆಳಗಿನ ಕಣಿವೆಯ ಹುಲ್ಲಿಲ್ಲ. ಬೆಟ್ಟದ ಮೇಲೆ ಆಗಲೇ ಹಿಮ ಬಿದ್ದು, ಡೇರೆಗಳ ಹಿಂದೆ ಮರಿಗಳು ಸಾಯತೊಡಗಿದ್ದವು.

"ಬೇಡ ಕಣಪ್ಪಾ," ಎಂದ, ಸುಂಗುರನಿಗೆ ಕತ್ತಿ ಹಿಡಿಯಲು ಕಲಿಸಿದ ಮುದಿ ಸವಾರ ದುರ್ಮುಷ್. "ಈ ಸುಲ್ತಾನನ ದಂಡನ್ನ ಅಟ್ಟಾಡಿಸಿ ಹೊಡೆದೋರು ನಾವು. ಈಗ ಇವನು ಕೊಟ್ಟ ಬಟ್ಟೆ ಹಾಕ್ಕೊಂಡು ಮದುವಣಿಗನ ಹಾಗೆ ಕೂತ್ಕೋತೀಯಾ?" ಸವಾರರು ನಕ್ಕರು. ಸುಂಗುರನ ಕೈ ಕತ್ತಿಯ ಹಿಡಿಗೆ ಹೋಯಿತು.

ಅಷ್ಟರಲ್ಲಿ ಅವನ ಹೆಂಡತಿ ಗೋಕ್ಚೆ ಸತ್ತ ಮರಿಯೊಂದನ್ನು ಎತ್ತಿಕೊಂಡು ಬಂದು ದುರ್ಮುಷನ ಕಾಲ ಬಳಿ ಇಟ್ಟಳು. "ಇದೂ ಹೋಯ್ತು. ನಿಮ್ಮ ಪೌರುಷ ಬೇಯಿಸಿ ಮಕ್ಕಳಿಗೆ ಬಡಿಸ್ಲಾ ಅಜ್ಜಾ?" ಎಂದವಳು ಗಂಡನ ಕಡೆ ತಿರುಗಿದಳು. "ಕತ್ತಿಗೆ ಹೆದರದೋರು ನೀವು, ಬಟ್ಟೆಗೆ ಹೆದರ್ತೀರಾ?"

ಸುಂಗುರ್ ಹಿಡಿ ಬಿಟ್ಟು ತೋಳು ಚಾಚಿದ. ಬಲಗೈ ಅರ್ಧಕ್ಕೇ ನಿಂತಿತು. ಹೋದ ವರ್ಷ ಸುಲ್ತಾನನ ದಂಡಿನ ಬಾಣ ಭುಜಕ್ಕೆ ನಾಟಿದ ಮೇಲೆ ಅದು ಮೇಲೇಳುತ್ತಿರಲಿಲ್ಲ. ಗೋಕ್ಚೆ ಮೊಣಕೈಗೆ ಆಸರೆ ಕೊಟ್ಟು, ಮಗುವಿಗೆ ತೊಡಿಸುವ ಹಾಗೆ ಮೆಲ್ಲಗೆ ತೋಳು ತೂರಿಸಿದಳು.

"ಡೇರೆ ಕೀಳಿ," ಎಂದ ಸುಂಗುರ್. "ಕತ್ತಲಾಗೋದ್ರೊಳಗೆ ಕಣಿವೆ ಇಳೀಬೇಕು."

ದುರ್ಮುಷ್ ನೆಲಕ್ಕೆ ಉಗುಳಿ, ಗೂಟ ಕೀಳಲು ಬಗ್ಗಿದ. ನಿಲುವಂಗಿ ಬೆಚ್ಚಗಿತ್ತು. ಅದೊಂದನ್ನು ಮಾತ್ರ ಸುಂಗುರನಿಗೆ ಸಹಿಸಲಾಗಲಿಲ್ಲ.