ಗುರುವಾರದ ಪಾಠ

"ಅರ್ಧದ ಅರ್ಧ ಕಾಲು, ಕಾಲಿನ ಅರ್ಧ ಅರೆಕಾಲು." ಹೊಲಿಗೆ ಯಂತ್ರದ ಪಕ್ಕ ಕೂತು, ಹೀಗೆ ಹೇಳಿಕೊಳ್ಳುತ್ತ ಮಗಳು ಅಜ್ಜಿಯ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲಿ ನಿಂತ ತಾಯಿಗೆ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಹೊರಟು ಮೂರು ವಾರವಾಗಿತ್ತು. ಇದೇ ಭಿನ್ನರಾಶಿಗೆ ಬಣ್ಣದ ಕಾಗದ ಕತ್ತರಿಸಿ, ಎರಡು ದಿನ ಗಂಟಲು ಹರಿದುಕೊಂಡಿದ್ದಳು. ಆಗ ಬರೀ ಆಕಳಿಸಿದ್ದ ಹುಡುಗಿ ಇವಳು.

"ಅಮ್ಮಾ, ಅಜ್ಜಿ ಹೇಳ್ಕೊಟ್ರು. ಟಿಕ್ ಹಾಕ್ಲಾ?" ಪಾಠದ ಯೋಜನೆ ಬರೆದ ಪುಸ್ತಕ ತಾಯಿಯ ಕಂಕುಳಲ್ಲಿತ್ತು. 'ಕಲಿಸಿದವರು' ಎಂಬ ಕಾಲಮ್ಮಿನಲ್ಲಿ ತಿಂಗಳಿಗಾಗುವಷ್ಟು 'ಅಮ್ಮ'ಗಳನ್ನು ಮುಂಚಿತವಾಗಿ ಪೆನ್ನಿನಲ್ಲೇ ಬರೆದಿಟ್ಟಿದ್ದಳು. ಮಗಳು ಪುಸ್ತಕ ಎಳೆದುಕೊಂಡು, ಇವತ್ತಿನ 'ಅಮ್ಮ'ನನ್ನು ನೀಟಾಗಿ ಹೊಡೆದುಹಾಕಿ 'ಅಜ್ಜಿ' ಎಂದು ಬರೆದಳು.

"ನಾನೇನು ಕಲಿಸ್ದೆ? ಬಟ್ಟೆ ಮಡಚು ಅಂದೆ, ಅಷ್ಟೇ," ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತ. ಆ ವಿನಯ ಸೊಸೆಯನ್ನು ಇನ್ನಷ್ಟು ಉರಿಸಿತು. ಅವಳು ಪುಸ್ತಕದ ಹಾಳೆ ತಿರುವಿದಳು. ಗುರುವಾರ: ಉದ್ದ ಅಳೆಯುವುದು. ಅವಳ ಕಣ್ಣು ಅತ್ತೆಯ ಕೊರಳಲ್ಲಿ ಸದಾ ನೇತಾಡುವ ಟೇಪಿನ ಮೇಲೆ ಬಿತ್ತು.

"ಅತ್ತೆ, ಟೇಪು ನನ್ನ ಹತ್ರ ಇರ್ಲಿ. ಪಾಠಕ್ಕೆ ಬೇಕು."

"ತಗೋಮ್ಮ." ಅತ್ತೆ ಟೇಪು ತೆಗೆದುಕೊಟ್ಟು, ಪರದೆಯ ಬಟ್ಟೆ ಹಾಸಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಊರಿದರು. "ನಂಗೆ ಗೇಣು ಸಾಕು. ಒಂದು, ಎರಡು..."

"ಅಜ್ಜಿ, ನನ್ನ ಗೇಣಲ್ಲಿ ಎಷ್ಟಾಗತ್ತೆ?" ಪುಟ್ಟ ಕೈಯೊಂದು ಆಗಲೇ ಬಟ್ಟೆಯ ಮೇಲೆ ಹೆಜ್ಜೆ ಹಾಕುತ್ತಿತ್ತು.

ತಾಯಿ ಟೇಪು ಹಿಡಿದು ನಿಂತೇ ಇದ್ದಳು. ಗುರುವಾರಕ್ಕೆ ಇನ್ನೂ ಎರಡು ದಿನವಿತ್ತು.