ಊಟದ ಮುಂಚಿನ ಸ್ತೋತ್ರ

ಮದುವೆಯಾಗಿ ಬಂದ ದಿನವೇ ಎಸ್ತೇರಳು ಅತ್ತೆಯ ಕೈಮುಟ್ಟಿ ಮಾತು ಕೊಟ್ಟಿದ್ದಳು: ಊಟಕ್ಕೆ ಮುಂಚೆ ದೇವರಿಗೆ ಸ್ತೋತ್ರ ಹೇಳುವಾಗ ಗಂಡನ ಹೆಸರನ್ನು ಒಂದು ಹೊತ್ತೂ ಬಿಡುವುದಿಲ್ಲ ಎಂದು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಗಂಡ ಜಯಶೀಲ ತುಂಬಿದ ತಟ್ಟೆಯನ್ನು ಗೋಡೆಗೆ ಬೀಸಿ ಒಗೆಯುತ್ತಿದ್ದ ದಿನಗಳಲ್ಲೂ ಬಿಟ್ಟವಳಲ್ಲ.

ಈಸ್ಟರ್ ಹಬ್ಬದ ಮರುದಿನ ಅವನು ಮನೆ ಬಿಟ್ಟು ಹೋದ. ಕ್ರಿಸ್ಮಸ್ ಹತ್ತಿರ ಬಂದಾಗ ಅತ್ತೆ ಅವನನ್ನು ಹುಡುಕಿ ಕರೆತಂದು, ಪಾಸ್ಟರನ್ನೂ ಜೊತೆಗಿಟ್ಟುಕೊಂಡು, ಊಟಕ್ಕೆ ಕೂತೇಬಿಟ್ಟರು. ಮಕ್ಕಳಿಬ್ಬರೂ ತಮ್ಮ ತಟ್ಟೆಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಗಂಡಸರ ಸಿಟ್ಟು ಹಾಲಿನ ಉಕ್ಕು ಇದ್ದಂಗವ್ವಾ, ತಾನ ಇಳೀತೈತಿ," ಅಂದರು ಅತ್ತೆ. "ಇವತ್ತಿನಿಂದ ಅಂವ ಇಲ್ಲೇ ಇರ್ತಾನ."

"ನಾ ಇನ್ನೂ ಏನೂ ಅಂದಿಲ್ಲಲ್ರೀ ಅತ್ತಿ."

"ಮತ್ತ ಸ್ತೋತ್ರ ಹೇಳು. ಅವನ ಹೆಸರು ತಗೊಂಡು ಹೇಳು. ಮಾತು ಕೊಟ್ಟಿದ್ದು ನೆನಪೈತಿಲ್ಲೊ?"

"ಅಂವ ಹೋದ ಮ್ಯಾಲೂ ಒಂದು ಹೊತ್ತು ಬಿಟ್ಟಿಲ್ರೀ. ಬೇಕಾದ್ರ ಮಕ್ಕಳನ್ನ ಕೇಳ್ರಿ."

ಜಯಶೀಲ ಮೀಸೆಯಡಿಯಲ್ಲೇ ನಕ್ಕ. "ದೇವರು ಮೆಚ್ಚೋ ಮಗಳು," ಎಂದು ಪಾಸ್ಟರ್ ಕಣ್ಣು ಮುಚ್ಚಿದರು.

ಎಸ್ತೇರಳು ಕೈ ಜೋಡಿಸಿದಳು. "ತಂದೆಯೇ, ಈ ಅನ್ನಕ್ಕಾಗಿ ಸ್ತೋತ್ರ. ಈ ಅನ್ನ ಗೋಡೆಗಲ್ಲ, ಮಕ್ಕಳ ಹೊಟ್ಟೆಗೆ ಹೋಗುವುದಕ್ಕಾಗಿ ಸ್ತೋತ್ರ. ಜಯಶೀಲನನ್ನು ಈ ಮನೆಯಿಂದ ಹೊರಗಿಟ್ಟಿದ್ದಕ್ಕಾಗಿ ಸ್ತೋತ್ರ. ಊಟವಾದ ಮೇಲೆ ಇವತ್ತೂ ಹೊರಗೇ ಕಳಿಸುವುದಕ್ಕಾಗಿ ಈಗಲೇ ಸ್ತೋತ್ರ."

ಮಕ್ಕಳಿಬ್ಬರೂ ದಿನದ ರೂಢಿಯಂತೆ "ಆಮೆನ್" ಅಂದರು.

ಎಸ್ತೇರಳು ಕೊಟ್ಟ ಮಾತಿಗೆ ಅವತ್ತೂ ತಪ್ಪಲಿಲ್ಲ.